ಕಂಪ್ಯೂಟರಿಗೆ ಮಾತು ಮರಳಿದಾಗ

“ಸ್ಕ್ರೀನ್ ಮ್ಯಾಲ ಏನ್ ಐತಿ ಅಂತ ನೀವ್ ಹೇಳಬ್ಯಾಡ್ರಿ. ಅದ ಹೇಳ್ಲಿ,” ಎಂದರು ಪದ್ಮಾ ಅಕ್ಕ. ನಾನು ಆಗಷ್ಟೇ ಅವರ ಕಂಪ್ಯೂಟರಿಗೆ ಹೊಸ ಸೌಂಡ್ ಕಾರ್ಡ್ ಹಾಕಿ ಸ್ವಿಚ್ ಒತ್ತಿದ್ದೆ. ಪರದೆ ಬೆಳಗಿತು. ಸ್ಪೀಕರ್ ಮಾತ್ರ ಉಸಿರೆತ್ತಲಿಲ್ಲ.

ಹುಕ್ಕೇರಿಯ ಆ ಮನೆಯವರು ನನ್ನನ್ನು ರಿಪೇರಿಗೆಂದು ಗೋಕಾಕದಿಂದ ಕರೆಸಿದ್ದರು. ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನ ಇಂಗ್ಲಿಷನ್ನು ಓದಿ ಹೇಳುವ ಸಾಫ್ಟ್‌ವೇರ್ ನಂಬಿ ಎಂ.ಎ. ಓದುತ್ತಿದ್ದರು. ಪರೀಕ್ಷೆ ಬಾಗಿಲಿಗೆ ಬಂದಾಗ ಹಳೆಯ ಸೌಂಡ್ ಕರಕರ ಎನ್ನುತ್ತಾ ನಿಂತೇಹೋಗಿತ್ತು.

ಕಂಪ್ಯೂಟರಿನ ಡಬ್ಬಿ ತೀರಾ ತೆಳ್ಳಗಿತ್ತು. ಕಾರ್ಡನ್ನು ಬಿಗಿಹಿಡಿಯುವ ತಗಡಿನ ಪಟ್ಟಿ ಅದರಲ್ಲಿ ಹಿಡಿಸದೆ, ಪಟ್ಟಿ ಬಿಚ್ಚಿ ಬರೀ ಕಾರ್ಡನ್ನೇ ಕೂರಿಸಿದ್ದೆ. ಅದು ವಾಲಿ ಎಲ್ಲಾದರೂ ತಾಗಿದರೆ ಇಡೀ ಯಂತ್ರವೇ ಸುಟ್ಟೀತೆಂಬ ಭಯವಿತ್ತು. ಸೆಟ್ಟಿಂಗ್‌ನಲ್ಲಿ, ಯಂತ್ರದೊಳಗೇ ಇದ್ದ ಹಳೆಯ ಸೌಂಡನ್ನು ಬಂದ್ ಮಾಡಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆ. ಅಕ್ಕ ಕೀಬೋರ್ಡಿನ ಮೇಲೆ ಬೆರಳಿಟ್ಟು, ಕಿವಿಗೊಟ್ಟು ಕೂತಿದ್ದರು. ಅವರ ಗಂಡ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

ತಟ್ಟನೆ ಸ್ಪೀಕರ್ ಮಾತಾಡಿತು! ಅಕ್ಕ ಪಟಪಟನೆ ಕೀ ಒತ್ತಿ ಓದಿನ ವೇಗ ಏರಿಸಿದರು. ನನಗೆ ಒಂದು ಪದವೂ ಸಿಗಲಿಲ್ಲ.

“ಇಷ್ಟ್ ಜೋರ್ ಓಡಿದ್ರ ತಿಳಿತೈತೇನ್ರಿ ಅಕ್ಕಾರ?” ಎಂದೆ.

“ನೀವೇನ್ ಒಂದೊಂದ ಅಕ್ಷರ ಕೂಡಿಸಿ ಓದ್ತೀರೇನ್ರಿ?” ಎಂದು ನಕ್ಕರು. ಮರುಕ್ಷಣ ನಮ್ಮನ್ನೆಲ್ಲ ಮರೆತು ಪಾಠದಲ್ಲಿ ಮುಳುಗಿದರು.

ಮರಳುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿ, ಬರೀ ಸದ್ದಿನಿಂದ ದಾರಿ ಗುರುತಿಸಲು ನೋಡಿದೆ. ದಾರಿಯ ನಡುವಿನ ಘಟಪ್ರಭಾ ಊರು ಬರುವ ಮೊದಲೇ ದಿಕ್ಕು ತಪ್ಪಿ, ಗಾಬರಿಯಿಂದ ಕಣ್ಣು ತೆರೆದೆ.