ಬೋರಮಾಳದ ನಾಲ್ಕನೆಯ ಗುಂಡು

ಬೆಳಗಿನ ಆರು ಗಂಟೆ. ಪುಣೆಯ ಕೊಂಢವಾದಲ್ಲಿ ಮೂರನೇ ಮಹಡಿಯ ಒಂಟಿ ಕೋಣೆ. ಐವತ್ತೆಂಟರ ಹುಲಿಗೆವ್ವ ಬಾಗಿಲ ಬೆಳಕಿಗೆ ಕೂತು, ಕಾಲಿನ ಹೆಬ್ಬೆರಳಿಗೆ ದಾರ ಬಿಗಿದು, ಹಳೆಯದೊಂದು ಸರಕ್ಕೆ ಗಂಟು ಹಾಕುತ್ತಿದ್ದಾರೆ. ಅವರ ಕೊರಳಲ್ಲಿರುವುದು ಗಿಲೀಟಿನ ಬೋರಮಾಳ. ಕೂತಲ್ಲೇ ಅವರ ಮೈ ಎಡಕ್ಕೂ ಬಲಕ್ಕೂ ಮೆಲ್ಲಗೆ ತೂಗುತ್ತಿದೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು, ಏನೋ ಹಾಡಿಕೊಳ್ಳುತ್ತಿರಬೇಕು ಎಂದು ಕಿವಿಗೊಡುತ್ತೇನೆ. ಹಾಡಿಲ್ಲ.

"ಇವತ್ತು ಮಂಗಳವಾರ ಅಲ್ರೀ, ಮಂಗಳವಾರ ಹಿಂಗ ಆಗ್ತದ" ಎನ್ನುತ್ತಾರೆ, ಮಳೆ ಬಂದರೆ ಬಟ್ಟೆ ಒಣಗುವುದಿಲ್ಲ ಎನ್ನುವಷ್ಟು ಸಹಜವಾಗಿ.

ಹುಲಿಗೆವ್ವ ಕುಷ್ಟಗಿ ಕಡೆಯವರು. ಗೌಂಡಿ ಕೆಲಸದ ಗಂಡ ಹಣಮಂತ್ರಾಯರ ಬೆನ್ನಿಗೆ ಈ ಊರಿಗೆ ಬಂದು ಹದಿನಾರು ವರ್ಷ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತರು. ಒಂದು ದಿನ ಕುತ್ತಿಗೆಯ ನರ ಹಿಡಿದು ಎಡಗೈ ಜೋಮುಗಟ್ಟಿತು. ಇನ್ನು ಭಾರ ಹೊರಬೇಡಿ ಎಂದರು ಡಾಕ್ಟರು. ಅಂದಿನಿಂದ ಸ್ಟೀಲಿನ ಡಬ್ಬಿ, ಪಾತ್ರೆ ಹಿಡಿದು ಮನೆ ಮನೆಗೆ ಹೋಗುತ್ತಾರೆ. ಪಾತ್ರೆಗೆ ಬದಲಾಗಿ ಈ ವ್ಯಾಪಾರದ ಬೇರೆಯವರು ಹಳೆಯ ಸೀರೆ ಕೇಳಿದರೆ, ಇವರು ಕೇಳುವುದು ಬಣ್ಣ ಹೋದ ಗಿಲೀಟಿನ ಒಡವೆ. ತಂದದ್ದನ್ನು ಅಂಟುವಾಳದ ನೀರಲ್ಲಿ ತೊಳೆದು, ಹೊಸ ದಾರಕ್ಕೆ ಏರಿಸಿ, ಮದುವೆಗೆ, ನಾಟಕಕ್ಕೆ ಬಾಡಿಗೆ ಕೊಡುತ್ತಾರೆ. ದಿನಕ್ಕೆ ಏನಿಲ್ಲವೆಂದರೂ ಆರುನೂರು ಗಂಟು. ಮನಸ್ಸಿಗೆ ಹಿಡಿದವನ್ನು ಮಾತ್ರ ಯಾರಿಗೂ ಕೊಡುವುದಿಲ್ಲ, ತಾವೇ ತೊಡುತ್ತಾರೆ. ಅಂಥವು ಎರಡು ಟ್ರಂಕು ತುಂಬಿವೆ. ಓಣಿಯವರು ಅವರನ್ನು ಮಹಾರಾಣಿ ಎಂದೇ ಕರೆಯುತ್ತಾರೆ.

ಅವರದೊಂದು ಕಟ್ಟುನಿಟ್ಟಾದ ಪದ್ಧತಿಯಿದೆ. ಹಳೆಯ ಒಡವೆ ಬಂದರೆ ಸೂಜಿ ಮುಟ್ಟಿಸುವ ಮೊದಲು ಒಂದು ಹಗಲು ಅದನ್ನು ತಾವೇ ತೊಡಬೇಕು. "ಎಲ್ಲಿ ಸವದದ, ಯಾಕ ಸವದದ, ಮೈಗೆ ಹಾಕಿದ್ರ ತಿಳೀತದ್ರಿ. ಕೆಲವು ಮೌನ ಇರತಾವ. ಕೆಲವು ಭಾಳ ಮಾತಾಡತಾವ." ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಯ ಶಾಲಿನಿ ಇವರ ಕಾಯಂ ಗಿರಾಕಿ, ಮೈಸೂರಿನ ಹುಡುಗಿ. "ಆಂಟಿ ಕೊಟ್ಟ ಜುಮುಕಿ ಹಾಕ್ಕೊಂಡು ಮೀಟಿಂಗಲ್ಲಿ ಕೂತಿದ್ದೆ. ಯಾರೋ ಹಿಂದಿನಿಂದ ಕರೆದ ಹಾಗಾಗಿ ಮೂರು ಸಲ ತಿರುಗಿ ನೋಡ್ದೆ. ಹಿಂದೆ ಬರೀ ಗೋಡೆ!" ಎಂದು ಫೋನಿನಲ್ಲಿ ನಕ್ಕಳು. ನಾನು ಇಂಥದ್ದನ್ನೆಲ್ಲ ಸುಲಭಕ್ಕೆ ನಂಬುವವಳಲ್ಲ. ಆದರೆ ಜುಮುಕಿಯನ್ನು ಮಾರನೆಯ ದಿನವೇ ವಾಪಸ್ಸು ಕೊಟ್ಟದ್ದೇಕೆ ಎಂದು ಕೇಳಿದಾಗ ಅವಳ ನಗು ನಿಂತಿತು.

ಈ ಪದ್ಧತಿ ಹುಟ್ಟಿದ್ದು ಒಂದು ತಪ್ಪಿನಿಂದ. ಆರು ವರ್ಷದ ಹಿಂದೆ ಕೃಷ್ಣಾಬಾಯಿ ಎಂಬ ಮರಾಠಿ ಮುದುಕಿಯ ಮನೆಯಲ್ಲಿ ಸೊಸೆ ಒಂದು ಡಬ್ಬಿಗೆ ಬದಲಾಗಿ ಈ ಬೋರಮಾಳವನ್ನು ಕೊಟ್ಟುಬಿಟ್ಟಳು. ಬೋರೆಹಣ್ಣಿನ ಆಕಾರದ ಗುಂಡುಗಳು. ಒಳಗೆ ಅರಗು, ಮೇಲೆ ಗಿಲೀಟು ಹೊಡೆದ ತೆಳು ತಗಡು. ನಾಲ್ಕು ಗುಂಡು ನೆಗ್ಗಿದ್ದವು. ಹುಲಿಗೆವ್ವ ಕೆಲಸದಲ್ಲಿ ಚೊಕ್ಕ. ಆ ನಾಲ್ಕರ ತಗಡು ಕಿತ್ತೆಸೆದು, ಅದೇ ಅರಗನ್ನು ಕರಗಿಸಿ ಹೊಸ ತಗಡಿನೊಳಗೆ ತುಂಬಿ, ಸರ ಥಳಥಳ ಹೊಳೆಯುವಂತೆ ಮಾಡಿದರು.

ಮೂರನೇ ದಿನ ಕೃಷ್ಣಾಬಾಯಿ ಹುಡುಕಿಕೊಂಡು ಬಂದರು. ಸರವನ್ನು ಬೆರಳಲ್ಲಿ ಸವರಿದರು. "ಹೇ ಮಾಝಂ ನಾಹೀ" ಎಂದರು, ಇದು ನನ್ನದಲ್ಲ. ಆ ನೆಗ್ಗುಗಳು ಅವರ ಮಗಳ ಹಲ್ಲಿನ ಗುರುತು. ಹೆಗಲ ಮೇಲೆ ಮಲಗಿದ ಕೂಸು, ಆಗಷ್ಟೇ ಮೂಡಿದ ಹಲ್ಲಿಂದ ಅಮ್ಮನ ಸರ ಕಚ್ಚುತ್ತಿತ್ತು. ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಫೋಟೋ ಇಲ್ಲ, ಅಂಗಿ ಇಲ್ಲ, ಆ ಮಗು ಇತ್ತು ಎನ್ನಲು ಉಳಿದಿದ್ದದ್ದು ಆ ನಾಲ್ಕು ನೆಗ್ಗು. "ಕೂಸಿನ ಹಲ್ಲು ನಾನ ಕಿತ್ತು ಒಗದೆನ್ರಿ" ಎಂದು ಹುಲಿಗೆವ್ವ ಸೆರಗಿನಿಂದ ಬಾಯಿ ಒತ್ತಿಕೊಳ್ಳುತ್ತಾರೆ.

ಕೃಷ್ಣಾಬಾಯಿ ಬರಿಗೈಯಲ್ಲಿ ಹೋದರು. ಹುಲಿಗೆವ್ವ ಸರವನ್ನು ಕೊರಳಿಗೆ ಹಾಕಿಕೊಂಡರು. ಅದು ಮಂಗಳವಾರ. ಸಂಜೆಯ ಹೊತ್ತಿಗೆ ಎಡ ಹೆಗಲು ಭಾರವಾಯಿತು, ಹಾಲಿನ ವಾಸನೆ ಬಂತು. ಆಮೇಲೆ ಪ್ರತಿ ಮಂಗಳವಾರ ತೊಟ್ಟರು. ಎರಡನೇ ವರ್ಷ ಹೊಸ ಗುಂಡೊಂದರ ಮೇಲೆ ಅಕ್ಕಿಕಾಳಿನಷ್ಟು ಅಗಲದ ನೆಗ್ಗು ಕಾಣಿಸಿತು. ಈಗ ಮೂರಿವೆ. ನಾನೂ ಉಗುರು ಒತ್ತಿ ನೋಡಿದೆ. ಎಷ್ಟು ಒತ್ತಿದರೂ ತಗಡು ಬಗ್ಗಲಿಲ್ಲ.

"ಇಲಿ ರೀ, ಇಲಿ" ಎನ್ನುತ್ತಾರೆ ಹಣಮಂತ್ರಾಯ, ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಡುತ್ತಾ. ಟ್ರಂಕಿನ ಪಕ್ಕ ಅವರೇ ಇಟ್ಟ ಬೋನು ಇದೆ. ನಾಲ್ಕು ವರ್ಷದಿಂದ ಖಾಲಿ. ಆದರೂ ಈ ಮಂಗಳವಾರ ಹೊರಡುವಾಗ ಅವರು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

ಗುರುತು ಮೂಡಿದಾಗಲೆಲ್ಲ ಹುಲಿಗೆವ್ವ ಕೃಷ್ಣಾಬಾಯಿಯ ಬಳಿ ಹೋಗುತ್ತಾರೆ. ಎಂಬತ್ಮೂರರ ಮುದುಕಿಗೆ ಕಣ್ಣು ಕಾಣುವುದಿಲ್ಲ. ಗುಂಡುಗಳನ್ನು ತುಟಿಗೆ ಒತ್ತಿಕೊಂಡು ಎಣಿಸುತ್ತಾರೆ. ಹೋದ ತಿಂಗಳು "ತೀನ್" ಎಂದವರು ಸರವನ್ನು ಮರಳಿ ಕೊಟ್ಟರು. ನಾಲ್ಕೂ ಬಂದ ಮೇಲೆಯೇ ತೊಡುತ್ತಾರಂತೆ. ಈಗ ಅವರು ಹಾಸಿಗೆ ಬಿಟ್ಟು ಏಳುತ್ತಿಲ್ಲ, ನೀರೂ ಚಮಚದಲ್ಲಿ. ಸೊಸೆ ನಿನ್ನೆ ಫೋನ್ ಮಾಡಿ, ಅತ್ತೆ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಾರೆ ಎಂದಳಂತೆ.

"ಇಷ್ಟು ವರ್ಷದಾಗ ಯಾವ ಸರಾನೂ ಅರ್ಧಕ್ಕ ಬಿಟ್ಟಿಲ್ರೀ ನಾ. ಇದೊಂದು ಪೂರಾ ಆಗಲಿ. ಆಕಿ ಹೋಗೂದ್ರಾಗ ಆಕಿ ಕೊರಳಿಗೆ ನಾನ ಹಾಕಬೇಕು. ಅಷ್ಟ ನನ್ನ ಆಸೆ."

"ಅಷ್ಟರೊಳಗೆ ನಾಲ್ಕನೆಯದು ಬರದೇ ಹೋದರೆ?" ನನ್ನ ದನಿ ಸ್ವಲ್ಪ ಜೋರಾಯಿತು.

ಹುಲಿಗೆವ್ವ ತುಟಿಗೆ ಬೆರಳಿಟ್ಟರು. ಅವರ ಮೈ ತೂಗುವುದು ನಿಂತಿತ್ತು. ಜೋಮು ಹಿಡಿದ ಆ ಎಡಗೈ ಮೇಲೆದ್ದು, ಹೆಗಲ ಹತ್ತಿರ ಗಾಳಿಯನ್ನು ಮೆಲ್ಲಗೆ ತಟ್ಟುತ್ತಿತ್ತು.

"ಸಣ್ಣಗ ಮಾತಾಡ್ರಿ. ಹಲ್ಲು ಬರೂ ಮುಂದ ಭಾಳ ರಗಳಿ ಮಾಡ್ತದ. ಈಗರೆ ಮಲಗೇದ."

ನಾನು ಎದ್ದೆ. ಚಪ್ಪಲಿ ಕೈಯಲ್ಲಿ ಹಿಡಿದು, ಮೂರೂ ಮಹಡಿಯನ್ನು ಬರಿಗಾಲಲ್ಲಿ ಇಳಿದೆ.