ಗಿರಣಿ ಭಾವನ ಈ ವರ್ಷದ ಮೊದಲನೇ ಸಿನಿಮಾ

ಹಿಟ್ಟಿನ ಗಿರಣಿ ಅವನದಲ್ಲ, ಹೆಂಡತಿಯ ತಮ್ಮನದು. ಭಾಮೈದ ಹೊತ್ತು ಮೂಡಿದಾಗಿನಿಂದ ‘ಭಾವಾ, ಭಾವಾ’ ಎಂದು ಕೂಗುವುದನ್ನು ಕೇಳಿ ಕೇಳಿ, ಗೋಧಿ ಡಬ್ಬಿ ಹಿಡಿದು ಬಂದವರ ಬಾಯಿಗೂ ಅದೇ ಹತ್ತಿತು. ಅವನಿಗಿಂತ ವಯಸ್ಸಿನಲ್ಲಿ ದೊಡ್ಡವಳಾದ ಮೊಟ್ಟೆ ಮಾರುವ ಅಕ್ಕನಿಗೂ ಅವನು ಭಾವನೇ, ಎದುರಂಗಡಿಯ ದರ್ಜಿಗೂ ಭಾವನೇ. ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡು, ರೆಪ್ಪೆಯೂ ಬೆಳ್ಳಗಾಗಿ ನಿಂತರೆ ಹೆತ್ತ ತಾಯಿ ಬಂದರೂ ಗುರುತು ಹಿಡಿಯುವುದು ಕಷ್ಟ.

ಕೂತಲ್ಲಿ ಕೂರುವ ಆಸಾಮಿಯಲ್ಲ. ಕಲ್ಲು ತಿರುಗುತ್ತಿದ್ದರೆ ಒಂದು ಗಳಿಗೆ ಹಿಟ್ಟು ಬೀಳುವ ಬಾಯಿಗೆ ಕೈಯೊಡ್ಡಿ ನುಣುಪು ನೋಡುವನು, ಮರುಗಳಿಗೆ ಬೆಲ್ಟು ನೋಡುವನು, ಮತ್ತೆ ಬೀದಿಗೆ ಬಂದು ಆಕಾಶ ನೋಡುವನು. ಅಂಥವನು ಅಲುಗಾಡದೆ ಕೂರುತ್ತಿದ್ದ ಜಾಗ ಭೂಮಿಯ ಮೇಲೆ ಒಂದೇ, ಸಿನಿಮಾ ಥಿಯೇಟರು. ಹೊಸ ಸಿನಿಮಾ ಬಂದ ವಾರ ಅವನು ನೋಡದೆ ಬಿಟ್ಟದ್ದಿಲ್ಲ. ಜ್ವರ ಬಂದರೂ ಕಂಬಳಿ ಹೊದ್ದು ಹೋಗಿ ಕೂತವನೇ.

ಗಿರಣಿಯ ಕಲ್ಲು ಸವೆದಾಗ ಅದನ್ನು ಬಿಚ್ಚಿ, ಉಳಿ ಸುತ್ತಿಗೆ ಹಿಡಿದು ಕುಟ್ಟಿ, ಮತ್ತೆ ಒರಟು ಮಾಡಬೇಕು. ವರ್ಷದ ಕೊನೆಗೆ ಬರುವ ಕುಟ್ಟುವ ದಿನವೆಂದರೆ ಬೀದಿಯವರು ಕಾದು ಕೂರುತ್ತಿದ್ದರು. ಅವತ್ತು ಗಿರಣಿ ಬಾಯಿ ಮುಚ್ಚಿರುತ್ತದೆ, ಭಾವನ ಬಾಯಿ ಬಿಚ್ಚುತ್ತದೆ. ಆ ವರ್ಷ ತಾನು ನೋಡಿದ್ದರಲ್ಲಿ ಯಾವುದು ಮೊದಲು, ಯಾವುದು ಆಮೇಲಿನದು ಎಂದು ಸಾರುತ್ತಾನೆ. ಜನ ಒಪ್ಪುತ್ತಾರೆ, ಉಗಿಯುತ್ತಾರೆ, ಹೊಡೆದಾಡುವುದೊಂದು ಬಾಕಿ. ಆದರೂ ಆ ಬೀದಿಯಲ್ಲಿ ಸಿನಿಮಾ ವಿಷಯಕ್ಕೆ ಕಡೆಯ ಮಾತು ಅವನದೇ. ಅವನಿಗೆ ಆಸ್ತಿ ಎಂದು ಇದ್ದದ್ದು ಅಷ್ಟೇ.

ಈ ವರ್ಷ ಭಾನುವಾರ ಮೇಲಿನ ಕಲ್ಲು ಬಿಚ್ಚಿದರು. ದರ್ಜಿ ಸ್ಟೂಲು ಎಳೆದುಕೊಂಡು ಬಂದ, ಮೊಟ್ಟೆ ಅಕ್ಕ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು, ಭಾಮೈದ ಬಾಗಿಲಿಗೆ ಒರಗಿದ.

“ಆ ಗಡ್ಡದ ಹೀರೋದು ನಿನ್ನ ಲೆಕ್ಕಕ್ಕೆ ಬರಲ್ವೇನೋ ಭಾವ? ಊರಿಗೂರೇ ಮುಗಿಬಿದ್ದು ನೋಡ್ತಿದೆ” ಎಂದ ದರ್ಜಿ.

“ಅವನೂ ಒಂದು ಹೀರೋನಾ? ಗಡ್ಡದೊಳಗೆ ಏನೋ ಗೊಣಗ್ತಾನೆ. ಒಂದಕ್ಷರ ಅರ್ಥ ಆಗಲ್ಲ. ಆ ಡೈರೆಕ್ಟರೋ, ಅರ್ಧ ಸಿನಿಮಾ ಎಲ್ಲರ ಬೆನ್ನು ತೋರಿಸ್ತಾನೆ. ನಾನೇನು ಬೆನ್ನು ನೋಡಕ್ಕೆ ಹೋಗಿದ್ನಾ?”

ಮೂರನೆಯದು ಇಬ್ಬರು ಕಳ್ಳರು ಒಂದೇ ಲಿಫ್ಟಿನಲ್ಲಿ ಸಿಕ್ಕಿಬೀಳುವ ನಗೆಯ ಚಿತ್ರ. ಎರಡನೆಯದು ಊರೂರು ತಿರುಗುವ ಹಾಡುಗಾರ್ತಿಯದು. ಇವಕ್ಕೆ ಹೆಚ್ಚು ತಕರಾರು ಬರಲಿಲ್ಲ. ಮೊದಲನೆಯದಕ್ಕೆ ಬಂದಾಗ ಭಾವ ಉಳಿ ಕೆಳಗಿಟ್ಟ.

“ಮೊದಲನೇದು ದೋಣಿಯವನ ಸಿನಿಮಾ. ಅದರ ಮುಂದೆ ಬಾಕಿಯೆಲ್ಲ ಹೊಟ್ಟು” ಎಂದ. “ಮಗಳು ದೂರದ ಊರಿಗೆ ಕೆಲಸಕ್ಕೆ ಹೊರಡ್ತಾಳೆ. ಆಚೆ ದಡಕ್ಕೆ ಅಪ್ಪನೇ ದಾಟಿಸ್ತಾನೆ. ದಾರಿಯುದ್ದ ಪಿಟಕ್ ಅನ್ನಲ್ಲ. ಕೊನೆಗೆ ಒಂದೇ ಒಂದು ಮಾತು ಹೇಳ್ತಾನೆ, ‘ಬರೀಬೇಡ’ ಅಂತ. ನೋಡ್ರಪ್ಪ, ಎಂಥಾ ಅಪ್ಪ! ಅವನಿಗೆ ಓದಕ್ಕೆ ಬರಲ್ಲ. ಕಾಗದ ಬಂದ್ರೆ ಅವರಿವರ ಕೈಲಿ ಓದಿಸ್ಬೇಕು. ಮಗಳ ಕಷ್ಟ ಸುಖ ಬೀದಿಗೆ ಬೀಳತ್ತೆ. ಅದಕ್ಕೇ ಬರೀಬೇಡ. ಆಮೇಲೆ ಅವಳು ಅಲ್ಲಿ ಒಬ್ಬಳೇ ಕೂತು ಪೆನ್ನು ತಗೋತಾಳೆ, ಮತ್ತೆ ಇಡ್ತಾಳೆ. ಅಪ್ಪನ ಮಾತು ಮೀರಲ್ಲ. ನನಗಂತೂ ಕರುಳು ಕಿವುಚಿದಂಗಾಯ್ತು.”

ದರ್ಜಿ ಸ್ಟೂಲು ಮುಂದಕ್ಕೆ ಜರುಗಿಸಿದ. ಮೊಟ್ಟೆ ಅಕ್ಕ ಅವನ ಮುಖ ನೋಡಿದಳು.

“ಯಾವ ಸಿನಿಮಾ ನೋಡ್ದೆಯೋ ನೀನು?” ಎಂದ ದರ್ಜಿ. “ ಅವನು ಹೇಳೋದು ‘ಮರೀಬೇಡ’ ಅಂತ! ನನ್ನ ಮರೀಬೇಡ ಮಗಳೇ ಅಂತ! ಓದು ಬರಹದ ಸುದ್ದಿಯೇ ಅದರಲ್ಲಿಲ್ಲ. ಅವಳು ಪೆನ್ನಿಡೋದು ಅಳು ಬಂದು.”

“ಹೂಂ ಕಣೋ, ಮರೀಬೇಡ ಅಂತಾನೇ. ನಾನು ಅಲ್ಲೇ ಅತ್ತಿದ್ದು” ಎಂದಳು ಅಕ್ಕ.

“ಕಿವೀಲಿ ಹಿಟ್ಟು ಕಟ್ಕೊಂಡಿರಬೇಕು, ಜರಡಿ ತಗೊಂಡ್ ಬನ್ನಿ!” ದರ್ಜಿ ತೊಡೆ ತಟ್ಟಿಕೊಂಡು ನಕ್ಕ.

ಭಾವನ ಮುಖ ಹಿಟ್ಟಿನ ಒಳಗೇ ಕೆಂಪಾಯಿತು. “ನಿಮ್ಮ ಕಿವಿಗೇ ಏನಾಗಿದೆ ನೋಡ್ಕೊಳ್ಳಿ. ಬರೋ ಭಾನುವಾರ ಕೆಳಗಿನ ಕಲ್ಲು ಬಿಚ್ತೀನಲ್ಲ, ಅಷ್ಟರಲ್ಲಿ ಇನ್ನೊಂದ್ಸಲ ನೋಡಿ ಬರ್ತೀನಿ. ಅವತ್ತು ಹೇಳ್ತೀನಿ ಯಾವುದು ಸರಿ ಅಂತ” ಎಂದವನೇ ಸುತ್ತಿಗೆ ಎತ್ತಿದ.

ಮಾರನೆಯ ದಿನದಿಂದ ಅವನಿಗೆ ಅಂಗಾಲಲ್ಲಿ ಇರುವೆ ಹರಿದಂತಾಯಿತು. ಮಧ್ಯಾಹ್ನದ ಆಟಕ್ಕೆ ಓಡಿದ. ಮುಂದಿನ ಸಾಲಿನಲ್ಲಿ, ಗೋಡೆಯ ಸ್ಪೀಕರಿನ ಅಡಿಯಲ್ಲೇ ಕೂತ. ದೋಣಿ ದಡ ಸೇರಿತು. ಅಪ್ಪನ ಮುಖ ಪರದೆಯಗಲ ಬಂತು. ಒಡೆದ ತುಟಿ ಕೂಡಿತು, ಬಿಟ್ಟಿತು. ಬರೀಬೇಡ. ಸಂಶಯವೇ ಇಲ್ಲ. ಎದ್ದು ಹೊರಗೆ ಬಂದಾಗ ಎದೆಯುಬ್ಬಿತ್ತು, ಗಿರಣಿ ತಲುಪುವಷ್ಟರಲ್ಲಿ ಮತ್ತೆ ಹುಳ ಹೊಕ್ಕಿತು. ಎರಡು ಜನ, ನಾಲ್ಕು ಕಿವಿ, ಎಲ್ಲವೂ ಸುಳ್ಳು ಕೇಳುತ್ತವೆಯೇ?

ಕಲ್ಲಿನ ಮುಂದೆ ನಿಂತಿದ್ದರೂ ಮನಸ್ಸು ದೋಣಿಯಲ್ಲಿತ್ತು. ಬುಧವಾರ ಕಾಳು ಮುಗಿದು ಕಲ್ಲಿಗೆ ಕಲ್ಲು ಉಜ್ಜಿ ಕಮರು ವಾಸನೆ ಎದ್ದಿತು. ಭಾಮೈದ ಒಳಗಿನಿಂದ ಓಡಿಬಂದು ಸ್ವಿಚ್ಚು ಆರಿಸಿದ.

“ಏನ್ ಭಾವ ಇದು? ಕಲ್ಲು ಅಷ್ಟು ಅರಚ್ಕೋತಿದೆ, ಪಕ್ಕದಲ್ಲೇ ನಿಂತಿದೀರಿ!”

“ಏನೋ ಯೋಚನೇಲಿದ್ದೆ.”

“ಸಿನಿಮಾ ಯೋಚನೆ ಮನೇಲಿಟ್ಟು ಬನ್ನಿ. ಇನ್ನೊಂದ್ಸಲ ಹಿಂಗಾದ್ರೆ ಕಲ್ಲಿಗೆ ಬೇರೆಯವರನ್ನ ನಿಲ್ಲಿಸ್ಬೇಕಾಗತ್ತೆ, ಅಕ್ಕನಿಗೆ ನಾನೇ ಹೇಳ್ತೀನಿ.”

ಆ ಮಾತು ಮುಳ್ಳಿನಂತೆ ನಾಟಿತು. ಯೋಚನೆಯಿಂದಲೇ ಹೀಗಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ಒಳಗೆ ಏನೋ ಸರಿಹೋಗಲಿಲ್ಲ. ಗುರುವಾರ ಹೆಂಡತಿಯನ್ನು ಕರೆದುಕೊಂಡು ಥಿಯೇಟರಿಗೆ ಹೊರಟ. ಅವಳಿಗೆ ಸಿನಿಮಾ ಎಂದರೆ ನಿದ್ದೆ. ಆದರೂ ಅವನ ಚಡಪಡಿಕೆ ನೋಡಲಾರದೆ ಹೊರಟಳು. ದೋಣಿ ದಡ ಮುಟ್ಟುವ ಹೊತ್ತಿಗೆ ಮೊಣಕೈಯಿಂದ ತಿವಿದ. ಮುಖ ಬಂತು, ತುಟಿ ಆಡಿತು.

“ಏನಂದ ಹೇಳು?”

ಅವಳು ಕತ್ತಲಲ್ಲಿ ಏನೋ ಅಂದಳು. ಅವನಿಗೆ ಬರೀ ಕತ್ತಲು ಕಂಡಿತು. ಬೆಳಕಿಗೆ ಬಂದಮೇಲೆ ಮತ್ತೆ ಕೇಳಿದ.

“ಮರೀಬೇಡ ಅಂದ ಕಣ್ರೀ. ಒಳಗೇ ಹೇಳಿದ್ನಲ್ಲ.”

ಭಾವ ದಾಪುಗಾಲು ಹಾಕಿ ಮುಂದೆ ನಡೆದ. ಅವಳು ಹಿಂದಿನಿಂದ, ನಿಧಾನಕ್ಕೆ ಹೋಗಿ ಎಂದಳು. ಅವನು ನಿಲ್ಲಲಿಲ್ಲ. ಅಂಗಡಿಯಲ್ಲಿ ಸೋಪು ತಗೋಬೇಕು ಎಂದಳು. ಉತ್ತರವಿಲ್ಲ. ಸಿಟ್ಟು ಎಂದುಕೊಂಡಳು. ಆಮೇಲೆ ಏನೋ ಹೊಳೆದು, “ರೀ, ನಿಮ್ಮ ಚಪ್ಪಲಿ ಕಿತ್ತೋಗಿದೆ” ಎಂದಳು. ಯಾರಿಗಾದರೂ ಕಾಲು ನೋಡಿಕೊಳ್ಳದಿರಲು ಆಗುತ್ತದೆಯೇ? ಅವನು ನೋಡಿಕೊಳ್ಳಲಿಲ್ಲ. ಅವಳು ಬೀದಿಯ ನಡುವೆ ಓಡಿಹೋಗಿ ಅವನ ತೋಳು ಹಿಡಿದಳು.

ಮನೆಗೆ ಬಂದು ಅವನನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿದಳು. “ಕಣ್ಣು ಮುಚ್ಚಿ. ಎರಡರಲ್ಲಿ ಒಂದು ಹೇಳ್ತೀನಿ, ಬರೀಬೇಡ, ಇಲ್ಲ ಮರೀಬೇಡ. ಯಾವುದು ಅಂತ ಹೇಳ್ಬೇಕು.”

“ಇದೇನು ಚಿಕ್ಕ ಮಕ್ಕಳಾಟ?” ಎಂದರೂ ಕಣ್ಣು ಮುಚ್ಚಿದ. ಕಾದ. ತಲೆಯೊಳಗೆ ಯಾವಾಗಿನಂತೆ ಗಿರಣಿ ತಿರುಗುತ್ತಿತ್ತು. ಮತ್ತೂ ಕಾದ. ಕೊನೆಗೆ ರೇಗಿತು. “ಹೇಳೇ ಮಾರಾಯ್ತಿ, ಎಷ್ಟೊತ್ತು ಕೂರ್ಲಿ?” ಎಂದು ಕಣ್ಣು ಬಿಟ್ಟ.

ಅವಳ ಕಣ್ಣಲ್ಲಿ ನೀರು ತುಂಬಿತ್ತು. “ಹೇಳಿದ್ದೇ ಹೇಳಿದ್ದು, ಗಂಟಲು ಒಣಗೋಯ್ತು” ಎಂದಳು. “ನೀವು ಕಣ್ಣಲ್ಲಿ ಕೇಳಿಸ್ಕೊಂತಿದೀರಿ ಕಣ್ರೀ. ತುಟಿ ನೋಡ್ಕೊಂಡು.”

ಅವನು ಎದ್ದು ಗೋಡೆಯ ಕನ್ನಡಿಯ ಮುಂದೆ ನಿಂತ. ಬರೀಬೇಡ ಎಂದ. ಮರೀಬೇಡ ಎಂದ. ಕನ್ನಡಿಯೊಳಗಿನ ತುಟಿಗೆ ಭೇದವೇ ಇರಲಿಲ್ಲ. ಗಡ್ಡದ ಹೀರೋನ ಮೇಲೆ ತಾನು ಕಾರಿದ ವಿಷವೆಲ್ಲ ನೆನಪಾಯಿತು. ಹಾಡುಗಾರ್ತಿಯ ಅಗಲ ಬಾಯಿಯೂ ನೆನಪಾಯಿತು, ಲಿಫ್ಟಿನ ಇಕ್ಕಟ್ಟಿನಲ್ಲಿ ಮುಖಕ್ಕೆ ಮುಖ ಕೊಟ್ಟು ಕಿತ್ತಾಡಿದ ಕಳ್ಳರೂ. ಗಿರಣಿಯಲ್ಲಿ ಎಲ್ಲರೂ ಎದುರಿಗೇ ನಿಂತು ಬಾಯಗಲಿಸಿ ಕಿರುಚುವವರು. ಅಲ್ಲಿ ಕಿವಿ ಹೋದದ್ದು ಅವನಿಗೂ ತಿಳಿಯಲಿಲ್ಲ, ಬೇರೆಯವರಿಗೂ ತಿಳಿಯಲಿಲ್ಲ.

“ಯಾರಿಗೂ ಹೇಳ್ಬೇಡ” ಎಂದ.

“ನನ್ನ ತಮ್ಮನಿಗೆ?”

“ಅವನಿಗಂತೂ ಮೊದಲೇ ಬೇಡ. ಕಲ್ಲಿನಿಂದ ಇಳಿಸಿಬಿಡ್ತಾನೆ. ಆಮೇಲೆ ನಾನೇನು, ಮನೇಲಿ ಕೂತು ನಿನ್ನ ತುಟಿ ನೋಡ್ಲಾ?”

ಅವಳಿಗೆ ಅಳುವಿನ ನಡುವೆ ನಗು ಬಂತು. ಅವನಿಗೆ ಬರಲಿಲ್ಲ. ಎರಡು ದಿನ ಒಂದು ಕೈಯನ್ನು ಕಲ್ಲಿನ ಮರದ ಚೌಕಟ್ಟಿನಿಂದ ತೆಗೆಯದೆ, ಅದರ ನಡುಕ ನೋಡುತ್ತ, ಹಿಂದಿನಿಂದ ಯಾರಾದರೂ ಕರೆದಾರೆಂದು ಗಳಿಗೆಗೊಮ್ಮೆ ತಿರುಗಿ ತಿರುಗಿ ಕತ್ತು ಹಿಡಿದುಹೋಯಿತು.

ಭಾನುವಾರ ಕೆಳಗಿನ ಕಲ್ಲಿನ ಸುತ್ತ ಎಲ್ಲರೂ ಕೂಡಿದರು. ಅವನು ಬಾಯಿ ತೆರೆಯುವ ಮೊದಲೇ ದರ್ಜಿ ಸ್ಟೂಲಿನಿಂದ ಎದ್ದು ಎದುರಿಗೆ ಬಂದ.

“ಭಾವ, ನಾನು ಸೋತೆ. ನಿನ್ನೆ ಮತ್ತೆ ಹೋಗಿ ನೋಡ್ದೆ. ನಿನ್ನ ಕಿವೀಲಿ ಹಿಟ್ಟು ಅಂದಿದ್ನಲ್ಲ, ಅದನ್ನೂ ನೋಡೇಬಿಡೋಣ ಅಂತ ಎರಡೂ ಕಿವಿ ಗಟ್ಟಿಯಾಗಿ ಮುಚ್ಕೊಂಡು ನೋಡ್ದೆ. ಬರೀಬೇಡ ಅಂದಂಗೇ ಕಾಣ್ಸತ್ತೆ! ಅವಳು ಪೆನ್ನಿಡೋದೂ ಹಂಗೇ ಸರಿಹೋಗತ್ತೆ. ನೀನೂ ಏನೋ ತಮಾಷೆಗೆ ಕಿವಿ ಮುಚ್ಕೊಂಡೇ ನೋಡಿರ್ತೀಯ, ನಮ್ಮನ್ನ ಆಟ ಆಡಿಸಕ್ಕೆ. ಕಳ್ಳ ನೀನು!”

ಮೊಟ್ಟೆ ಅಕ್ಕ ಕಿಸಕ್ಕನೆ ನಕ್ಕಳು. ಭಾಮೈದನೂ ನಕ್ಕ. ತಪ್ಪಿಸಿಕೊಳ್ಳುವ ಬಾಗಿಲು ತಾನಾಗಿ ತೆರೆದು ನಿಂತಿತ್ತು. ಹೌದಪ್ಪ, ತಮಾಷೆ ಎಂದುಬಿಟ್ಟರೆ ಆಯಿತು, ಗೆದ್ದ ಹೆಸರೂ ಉಳಿಯುತ್ತದೆ, ಕಲ್ಲೂ ಉಳಿಯುತ್ತದೆ. ಭಾವ ಉಳಿಯನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಿಸಿದ. ಬುಧವಾರದ ಕಮರು ವಾಸನೆ ಇನ್ನೂ ಆ ಕಲ್ಲಿನಲ್ಲಿತ್ತು. ಉಜ್ಜಿ ಕಪ್ಪಾದ ಪಟ್ಟಿ ಅವನ ಕಾಲ ಬುಡದಲ್ಲೇ ಕಾಣುತ್ತಿತ್ತು.

“ನಾನು ಮುಚ್ಕೊಂಡಿರಲಿಲ್ಲ” ಎಂದ.

ಯಾರಿಗೂ ಕೂಡಲೇ ಅರ್ಥವಾಗಲಿಲ್ಲ. ಭಾಮೈದನ ನಗು ಮೊದಲು ನಿಂತಿತು.

“ಹಾಗೇ ನೋಡ್ದೆ, ಹಾಗೇ ಕಾಣಿಸ್ತು. ಕೇಳಿಸಲ್ಲ ನನಗೆ. ನೀವು ಎದುರಿಗೆ ನಿಂತ್ರೆ ಕಾಣ್ಸತ್ತೆ, ಅಷ್ಟೇ. ದೋಣಿಯವನು ಮರೀಬೇಡ ಅಂದ, ನೀವು ಹೇಳಿದ್ದು ನಿಜ. ಆದ್ರೆ ನಾನು ನೋಡಿದ್ದು ಬರೀಬೇಡ. ನನ್ನ ಮೊದಲನೇ ಸಿನಿಮಾ ಅದೇ. ಅದನ್ನ ಈ ಊರಲ್ಲಿ ನಾನೊಬ್ಬನೇ ನೋಡಿರೋದು, ನೀವ್ಯಾರೂ ಅದರ ತಪ್ಪು ಹಿಡಿಯಂಗಿಲ್ಲ.”

ದರ್ಜಿ ಹಿಂದೆ ಸರಿದು ಸ್ಟೂಲಿನ ಮೇಲೆ ಕೂತ. ಮೊಟ್ಟೆ ಅಕ್ಕನಿಗೆ ಸುಮ್ಮನಿರುವುದು ಗೊತ್ತಿಲ್ಲ. “ಹಂಗಾದ್ರೆ ನಾನು ಭಾವ ಅಂದ್ರೆ ನಿಂಗೆ ಮಾವ ಅಂತ ಕಾಣ್ಸತ್ತೇನೋ?” ಎಂದಳು.

“ನೀನು ಏನಂದ್ರೂ, ‘ಹಿಟ್ಟು ಒರಟಾಯ್ತು’ ಅಂತಲೇ ಕಾಣ್ಸತ್ತೆ.”

ಭಾಮೈದ ಹತ್ತಿರ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಬಾಯಿ ಬಿಡಿಸಿ ಬಿಡಿಸಿ, “ಬುಧವಾರ ಕಲ್ಲು ಅರಚಿದ್ದು?” ಎಂದ.

“ಕೇಳಿಸ್ಲಿಲ್ಲ ಕಣಪ್ಪ. ಯೋಚನೆ ಅಂತ ಸುಳ್ಳು ಹೇಳ್ದೆ.”

ಭಾಮೈದ ಕಲ್ಲಿನ ಕಪ್ಪು ಪಟ್ಟಿಯ ಮೇಲೆ ಬೆರಳಾಡಿಸಿದ. “ಕಲ್ಲಿನ ವಿಷ್ಯ ಈಗ್ಲೇ ಏನೂ ಹೇಳಲ್ಲ. ಡಾಕ್ಟ್ರು ಏನಂತಾರೋ ನೋಡಿ ಆಮೇಲೆ, ಭಾವ” ಎಂದ. ಸಿಟ್ಟಿತ್ತು, ಆದರೆ ‘ಭಾವ’ ಎಂದು ಸೇರಿಸುವುದನ್ನು ಮರೆಯಲಿಲ್ಲ.

“ಡಾಕ್ಟ್ರಾ? ಶುಕ್ರವಾರ ಹೊಸದೊಂದು ಬರ್ತಿದೆ, ಅದು ಆಗ್ಲಿ” ಎಂದ ಭಾವ.

ಹೆಂಡತಿ ಯಾವಾಗ ಬಂದು ನಿಂತಿದ್ದಳೋ. ಎರಡು ಹೆಜ್ಜೆ ಮುಂದೆ ಬಂದು, ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿ, “ನಾಳೆ” ಎಂದಳು.

“ತಾಳಿ ಅಂದ್ಯಾ? ಸರಿ, ತಾಳ್ತೀನಿ.”

“ನಾ-ಳೆ.” ಈ ಸಲ ಗಲ್ಲ ಬಿಡಲಿಲ್ಲ.

ಅವನು ಉಳಿ ಎತ್ತಿದ, ಇಟ್ಟ, ಮತ್ತೆ ಎತ್ತಿದ. “ಅಲ್ಲ, ಆ ಕಿವಿಗೆ ಹಾಕೋ ಮಿಷಿನ್ನು ಥಿಯೇಟರಲ್ಲಿ ಕೆಲಸ ಮಾಡತ್ತೋ ಇಲ್ವೋ ಅಂತ ಡಾಕ್ಟ್ರನ್ನೇ ಕೇಳ್ಬೇಕು” ಎಂದ. ಆಮೇಲೆ ಹೆಂಡತಿಯ ಬಾಯಿಯನ್ನೇ ನೋಡುತ್ತ, “ಎಷ್ಟೊತ್ತಿಗೆ ಹೋಗೋಣ?” ಎಂದು ಕೇಳಿದ.