ಹೊಸ ನೀರಿಗೆ ಉಡಿ

ಹೊಳೆಯ ತಳದಿಂದ ಕಲ್ಲಿಗೆ ಕಲ್ಲು ಬಡಿಯುವ ಸದ್ದು ಬರುತ್ತಿತ್ತು. ರೊಟ್ಟಿ ತಟ್ಟುತ್ತಿದ್ದ ಹೀರಾಬಾಯಿಯ ಕೈ ಅಲ್ಲೇ ನಿಂತಿತು. ಹೊಸ ನೀರು ಬಂದಾಗ ಮಾತ್ರ ಕಾಗಿಣಾ ತನ್ನೊಡಲಿನ ಪರಸಿಕಲ್ಲುಗಳನ್ನು ಹೀಗೆ ಹೊರಳಿಸುತ್ತಾಳೆ. ಗುಡಿಸಲಿನಿಂದ ಹೊರಗೆ ಬಂದು ನೋಡಿದರೆ, ನಿನ್ನೆ ಮೊಣಕಾಲು ಮಟ್ಟ ಇದ್ದ ಹೊಳೆ ಇಂದು ದಂಡೆಯ ಜಾಲಿಗಿಡ ಹಿಡಿದು ಜಗ್ಗುತ್ತಿತ್ತು.

ಮೇಲಿನ ಬರವಣಿಗೆ ಮನೆಯಿಂದ ಕಾರಭಾರಿ ರೇವಣಪ್ಪ ಧೋತರ ಎತ್ತಿ ಹಿಡಿದು ಇಳಿದು ಬಂದ. ಮಡಿವಾಳಯ್ಯನವರೆಂಬ ಹಿರಿಯರು ಆ ಮನೆಯಲ್ಲಿ ಕುಳಿತು ಪುಸ್ತಕಗಳನ್ನು ಬರೆದು, ಅಲ್ಲೇ ಕಣ್ಣು ಮುಚ್ಚಿದ್ದರು. ತಮ್ಮ ನಂತರ ಪಂಡಿತರು, ಚಿತ್ರ ತೆಗೆಯುವವರು ಬಂದು ಇಲ್ಲಿ ವರ್ಷವಿಡೀ ಇರಲಿ, ಅವರ ಊಟಕ್ಕೂ ವಜೀಫಾದ ರೊಕ್ಕಕ್ಕೂ ತಮ್ಮ ಹೊಲದ ಬೆಳೆ ಸಲ್ಲಲಿ ಎಂದು ಹೇಳಿ ಹೋಗಿದ್ದರು. ಹಾಗೆ ಬಂದವರನ್ನೆಲ್ಲ ಹರಿಗೋಲಿನಲ್ಲಿ ದಾಟಿಸುವವಳು ಹೀರಾಬಾಯಿ.

"ಹೀರಾ, ಚಿತ್ರ ತೆಗಿಯೋ ರಶೀದಾಬೇಗಂ ಅವರನ್ನ ಈಗಿಂದೀಗ ದಾಟಸು. ಖೋಲಿ ಕೊಡೋ ಕಮಿಟಿ ಸಾಹೇಬ್ರು ವಾಡಿಯಾಗ ಗಾಡಿ ಹತ್ತಿರ್ತಾರ. ಮಧ್ಯಾಹ್ನ ಚಿತ್ತಾಪುರದಾಗ ಚಿತ್ರ ತೋರಸದಿದ್ರ ಅವರ ಖೋಲಿ ಇನ್ನೊಬ್ರಿಗಿ ಹೋಗ್ತದ."

"ಹೊಳಿಗಿ ಉಡಿ ತುಂಬಿಲ್ರಿ, ಸಾವ್ಕಾರ್ರ."

ಹೊಸ ನೀರಿನ ಹೊಳೆ ತವರಿಗೆ ಬಂದ ಮಗಳಿದ್ದಂತೆ. ಮುತ್ತೈದೆಯೊಬ್ಬಳು ಉಡಿ ತುಂಬುವ ತನಕ ಆಕೆಯ ಮೈಮೇಲೆ ಹರಿಗೋಲು ಇಳಿಸಬಾರದು. ತುಂಬಿದ ಮೇಲೆ ಮೊದಲು ಇಳಿಸಿದವರಿಗೇ ಆ ವರ್ಷದ ಕಡವು, ಜನರನ್ನು ದಾಟಿಸುವ ಹಕ್ಕು. ಹೀರಾಬಾಯಿಯ ಗಂಡ ತಮ್ಮಣ್ಣ ಒಂದು ಮಳೆಗಾಲ ಉಡಿಗೆ ಕಾಯದೆ ಹೊಳೆಗಿಳಿದಿದ್ದ. ಹರಿಗೋಲು ಶಹಾಬಾದದ ಕೆಳಗೆ ಸಿಕ್ಕಿತು. ಅವನು ಸಿಗಲಿಲ್ಲ. ಅವನ ಹುಟ್ಟನ್ನು ಹೀರಾಬಾಯಿ ಕೈಗೆತ್ತಿಕೊಂಡಳು. ಹೆಂಗಸಿನ ಹರಿಗೋಲು ಎಂದು ನಕ್ಕವರನ್ನೂ ಆಚೆ ದಂಡೆಗೆ ಮುಟ್ಟಿಸಿದಳು. ಆದರೆ ವಿಧವೆ ಉಡಿ ತುಂಬುವಂತಿಲ್ಲ. ವರ್ಷವರ್ಷವೂ ಮೈದುನ ಸಾಯಬಣ್ಣನ ಹೆಂಡತಿ ಮರೆಮ್ಮ ಬಂದು ತುಂಬಿಕೊಡುತ್ತಿದ್ದಳು.

"ಮರೆಮ್ಮಗ ಹೇಳಿ ಕಳಸ್ರಿ."

"ಕಳಿಸಿದ್ದೆ. ಮೈಯಾಗ ಆರಾಮಿಲ್ಲಂತ." ರೇವಣಪ್ಪ ಬೇರೆ ಕಡೆ ನೋಡಿದ. "ಸಾಯಬಣ್ಣ ಮಾತ್ರ ಹರಿಗೋಲಿಗಿ ಡಾಂಬರ ಬಳದು ತಯಾರ ಮಾಡಿಟ್ಟಾನ."

"ಹಂಗಂತೀರಿ? ನನಗ ಉಡಿ ತುಂಬಲಾಕ ಜ್ವರ, ಗಂಡಗಾದ್ರ ಜ್ವರ ಇಳೀತದ!"

"ನನಗೇನ್ ಮಾಡಂತಿ? ನೀ ಒಲ್ಲೆಂದ್ರ ಅವನ್ನ ಕರೀತೀನಿ. ಆಮ್ಯಾಲ ಕಡವು ಅವಂದು."

ಕಡವು ಹೋದರೆ ಗುಡಿಸಲೂ ಹೋದಂತೆ. ಅದು ಕಡವಿನವರಿಗೆಂದೇ ಕಟ್ಟಿದ ಗುಡಿಸಲು.

ಅಷ್ಟರಲ್ಲಿ ರಶೀದಾಬೇಗಂ ಮೇಣಗಪ್ಪಡದಲ್ಲಿ ಸುತ್ತಿದ ಚಿತ್ರಗಳ ಸುರುಳಿ ಹಿಡಿದು ಬಂದಳು. ಹೊಳೆ ಕಂಡದ್ದೇ ಅವಳ ಮುಖ ಬಿಳಿಚಿತು. ಹೀರಾಬಾಯಿ ನೋಡಿದ್ದು ಅವಳ ಮುಖವನ್ನಲ್ಲ, ಸುರುಳಿ ಹಿಡಿದ ಕೈಗಳಲ್ಲಿದ್ದ ಹಸಿರು ಬಳೆಗಳನ್ನು.

"ಬೀಬಿ, ನಿಮ್ಮ ಮನಿಯವ್ರು ಸುಖದಾಗ ಅದಾರೇನ್ರಿ?"

"ಹೈದ್ರಾಬಾದದಾಗ ಚೆಂದ ಅದಾರ, ಹೀರಕ್ಕ. ಇದೇನು, ಇಂಥಾ ಹೊತ್ತಿನಾಗ ಕೇಳಾಕತ್ತಿ?"

"ಹಂಗಿದ್ರ ಬರ್ರಿ. ಹೊಳಿಗಿ ಉಡಿ ತುಂಬ್ರಿ."

ರೇವಣಪ್ಪನ ಕೈಯಿಂದ ಧೋತರದ ಚುಂಗು ಜಾರಿತು. "ತಲಿ ನೆಟ್ಟಗದ ಏನ್ ನಿಂದು? ಸಾಬರ ಹೆಣ್ಮಗಳು ಗಂಗವ್ವಗ..."

"ಸಾಬರು ಬರ್ಲಿ, ಸ್ವಾಮಿಗೋಳು ಬರ್ಲಿ, ಆಕಿ ಯಾರಿಗೂ ಒಲ್ಲೆ ಅಂದಿಲ್ರಿ ಇಲ್ಲೀತನ."

"ನಮ್ಮಲ್ಲೂ ಮಗಳಿಗಿ ಹಿಂಗ ಗೋದ್ ಭರ್ತಾರ" ಎಂದಳು ರಶೀದಾಬೇಗಂ ಮೆಲ್ಲಗೆ. "ಖರೆ, ನನ್ನ ಕೈಲಿ ಏನರ ತಪ್ಪಾದ್ರ?"

"ತಪ್ಪಾದ್ರ ಹರಿಗೋಲಿನಾಗ ನಿಮ್ಮ ಕೂಡ ನಾನೂ ಇರ್ತೀನಲ್ರಿ."

ಕುಪ್ಪಸದ ಖಣ, ಅಕ್ಕಿ, ಅರಿಶಿನದ ಕೊಂಬು, ಕೊಬ್ಬರಿ ಬಟ್ಟಲು ಎಲ್ಲವನ್ನೂ ಹೀರಾಬಾಯಿ ಮೊದಲೇ ಮೊರದಲ್ಲಿ ಇಟ್ಟಿದ್ದಳು. ರಶೀದಾಬೇಗಂ ಪಾದ ಮುಳುಗುವಷ್ಟು ನೀರಿಗಿಳಿದು, ಸೆರಗು ತಲೆಗೆ ಎಳೆದುಕೊಂಡು, ತುಟಿಯಲ್ಲೇ ಏನೋ ಅಂದುಕೊಂಡು ಉಡಿ ಬಿಟ್ಟಳು. ಅಕ್ಕಿ ಕೊಬ್ಬರಿ ಹೋದವು. ಖಣ ಮಾತ್ರ ಸುಳಿಯಲ್ಲಿ ಒಂದು ಸುತ್ತು ತಿರುಗಿ ದಂಡೆಗೇ ಮರಳಿ, ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡಿತು.

ಹೊಳೆ ಖಣ ದಂಡೆಗೆ ಹಾಕಿದರೆ ಉಡಿ ಒಲ್ಲೆನೆಂದಂತೆ. ಹೀರಾಬಾಯಿ ಕೈಚಾಚಿದರೆ ಬಿಡಿಸಬಹುದಿತ್ತು, ಚಾಚಲಿಲ್ಲ. ತಮ್ಮಣ್ಣನನ್ನು ಒಯ್ದವಳು ಇವಳೇ, ಇಷ್ಟು ವರ್ಷ ತನಗೆ ಅನ್ನ ಹಾಕಿದವಳೂ ಇವಳೇ. ಆಕೆಯೇ ಹೇಳಲಿ. ನೀರು ಏರಿತು. ಜಾಲಿಯ ಟೊಂಗೆ ಬಾಗಿತು. ಖಣ ಅಗಲವಾಗಿ ಬಿಚ್ಚಿಕೊಂಡು ನಡುಹೊಳೆಗೆ ಸಾಗಿ, ಮುಳುಗಿತು.

"ಆತು, ಹೋತು, ಖರೆ" ಎಂದ ರೇವಣಪ್ಪ. "ಆದ್ರ ಮರೆಮ್ಮ ಊರ ತುಂಬ ಹೇಳ್ಕೋತ ತಿರಗ್ತಾಳ. ಇಂಥಾ ಉಡಿ ನಡಿಯಂಗಿಲ್ಲ, ಕಡವು ನಿಂದಲ್ಲ ಅಂತ ನಾಳಿ ಪಂಚರು ಕುಂತ್ರ ನಾ ಏನ್ ಜವಾಬ ಕೊಡ್ಲಿ? ಹೀರಾ, ನಿನಗೇ ಹೇಳಾಕತ್ತೀನಿ. ಮೊದಲ ಇದಕ್ಕ ಒಂದು..."

ಹೀರಾಬಾಯಿ ಹರಿಗೋಲನ್ನು ಮಗುಚಿ ತಲೆಯ ಮೇಲೆ ಹೊತ್ತುಕೊಂಡಿದ್ದಳು. ಆ ಕತ್ತಲ ಗುಮ್ಮಟದೊಳಗೆ ಅವನ ಮಾತು ದೂರದ ಗುಂಯ್‌ಗುಡುವಿಕೆಯಂತೆ ಕೇಳಿತು. ಕಲ್ಲುಗಳ ಸದ್ದು ಮಾತ್ರ ನಿಚ್ಚಳವಾಗಿತ್ತು. ಅವಳು ಆ ಸದ್ದಿನ ಕಡೆಗೆ ಇಳಿಜಾರು ಇಳಿಯುತ್ತ ನಡೆದಳು.